ಕಾಲಂನ ಒಳಗಾತ್ರವನ್ನು ಲೆಕ್ಕ ಹಾಕುವುದಕ್ಕಿಂತ ಅಳೆಯುವುದು ಮೇಲು

ದ್ರವದ ಹರಿವಿನಲ್ಲಿ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಕೊಳವೆಯೇ ಕಾಲಂ. 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸದ ಸಿ18 ಕಾಲಂನ (18 ಇಂಗಾಲದ ಸರಪಳಿಗಳನ್ನು ಅಂಟಿಸಿದ ಸಿಲಿಕಾ ಕಣಗಳ ಕಾಲಂ) ಒಳಗಾತ್ರಕ್ಕೆ, ಅಂದರೆ ಅದರೊಳಗೆ ದ್ರವಕ್ಕಿರುವ ಜಾಗಕ್ಕೆ, ಯಾವ ಸೂತ್ರ ಸರಿ ಎಂದು ಕೇಳಿದ್ದೀರಿ. ಶಿರಸಿಯಲ್ಲಿ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ ಅಳೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಕೈಗೆ ಬಂದದ್ದೂ ಇದೇ ಅಳತೆಯ ಕಾಲಂ. ತ್ರಿಜ್ಯದ ವರ್ಗವನ್ನು ಪೈ ಮತ್ತು ಉದ್ದದಿಂದ ಗುಣಿಸಿದೆ, 4.15 ಮಿ.ಲೀ. ಬಂತು. ನಿಮಿಷಕ್ಕೆ 1 ಮಿ.ಲೀ. ಹರಿವಿನಲ್ಲಿ 4.15 ನಿಮಿಷಕ್ಕೆ ಮೊದಲು ಯಾವ ವಸ್ತುವೂ ಹೊರಬರುವಂತಿಲ್ಲ ಎಂದು ನಿಶ್ಚಯಿಸಿಕೊಂಡೆ.

ಆದರೆ ಮೆಣಸಿನ ಪ್ರತಿಯೊಂದು ಸ್ಯಾಂಪಲ್‌ನಲ್ಲೂ 3 ನಿಮಿಷದ ಆಸುಪಾಸಿನಲ್ಲಿ ಸಣ್ಣದೊಂದು ಪೀಕ್ (ವಸ್ತುವೊಂದು ಹೊರಬಂದುದನ್ನು ಡಿಟೆಕ್ಟರ್ ತೋರಿಸುವ ಉಬ್ಬು) ಏಳುತ್ತಿತ್ತು. ಹಿಂದಿನ ಇಂಜೆಕ್ಷನ್‌ನ ಉಳಿಕೆಯಿರಬೇಕೆಂದು ಸೂಜಿ ತೊಳೆದೆ, ಇಂಜೆಕ್ಟರಿನ ಸೀಲ್ ಬದಲಿಸಿದೆ, ಕೊನೆಗೆ ಸರಿಯಾಗಿಯೇ ಇದ್ದ ಕಾಲಂ ಕೆಟ್ಟಿದೆಯೆಂದು ಹೊಸದನ್ನು ತರಿಸಿದೆ. ಹೊಸದರಲ್ಲೂ ಆ ಪೀಕ್ ಅಲ್ಲಿಯೇ ಇತ್ತು. 4.15 ಎಂಬುದು ಖಾಲಿ ಕೊಳವೆಯ ಗಾತ್ರ. ಕೊಳವೆಯೊಳಗೆ ಸಿಲಿಕಾ ಕಣಗಳು ಒತ್ತಾಗಿ ತುಂಬಿರುತ್ತವೆ. ದ್ರವಕ್ಕೆ ಉಳಿಯುವುದು ಕಣಗಳ ನಡುವಿನ ಸಂದು ಮತ್ತು ಕಣಗಳೊಳಗಿನ ರಂಧ್ರಗಳು ಮಾತ್ರ, ಎರಡೂ ಸೇರಿ ಸಾಮಾನ್ಯವಾಗಿ ಶೇ. 60ರಿಂದ 70, ಅಂದರೆ 2.5ರಿಂದ 2.9 ಮಿ.ಲೀ. ನಮ್ಮ ಪೈಪರಿನ್ 6.2 ನಿಮಿಷಕ್ಕೆ ಬರುತ್ತಿತ್ತು. ಡೆಡ್ ಟೈಮ್ (ಕಾಲಂ ಹಿಡಿದಿಡದ ವಸ್ತು ಹೊರಬರುವ ಸಮಯ) 4.15 ಎಂದಿಟ್ಟುಕೊಂಡರೆ ಪೈಪರಿನ್‌ನ ರಿಟೆನ್ಷನ್ ಫ್ಯಾಕ್ಟರ್ (ಡೆಡ್ ಟೈಮ್‌ ಮೇಲೆ ಅದರ ಎಷ್ಟು ಪಟ್ಟು ಹೊತ್ತು ಕಾಲಂ ಹಿಡಿದಿಟ್ಟಿತು ಎಂಬ ಲೆಕ್ಕ) 0.5, 2.6 ಎಂದಿಟ್ಟುಕೊಂಡರೆ 1.4. ಮೊದಲನೆಯ ಅಂಕಿಯನ್ನು ನಂಬಿ, ಪೈಪರಿನ್ ತೀರಾ ಬೇಗ ಬರುತ್ತಿದೆಯೆಂದು ಹರಿಯುವ ದ್ರಾವಣದಲ್ಲಿ ಮೆಥನಾಲ್ ಕಡಿಮೆ ಮಾಡಿ, ಅಗತ್ಯವಿಲ್ಲದೆ ಪ್ರತಿಯೊಂದು ರನ್ನನ್ನೂ ಉದ್ದ ಮಾಡಿದ್ದೆ.

ಆದ್ದರಿಂದ ಯಾವ ಸೂತ್ರ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾಲಂ ತೊಳೆಯುವುದಕ್ಕೆ ಅಂದಾಜು ಸಾಕು. ಒಳಗಾತ್ರದ ಹತ್ತು ಪಟ್ಟು ಎಂದರೆ ಸುಮಾರು 26 ಮಿ.ಲೀ. ಹರಿಸಿದರಾಯಿತು. ಉಳಿದದ್ದಕ್ಕೆಲ್ಲ ಅಳೆಯಲೇಬೇಕು. ಮೊಬೈಲ್ ಫೇಸ್‌ನಲ್ಲಿ (ಕಾಲಂನೊಳಗೆ ಹರಿಸುವ ದ್ರಾವಣ) ಕರಗಿಸಿದ ತುಸು ಯುರಾಸಿಲ್ ಇಂಜೆಕ್ಟ್ ಮಾಡಿ. ಮೆಥನಾಲ್ ಸಾಕಷ್ಟಿದ್ದರೆ ಸಿ18 ಅದನ್ನು ಹಿಡಿದಿಡುವುದಿಲ್ಲ. ಅದು ಹೊರಬಂದ ಸಮಯವನ್ನು ಹರಿವಿನ ದರದಿಂದ ಗುಣಿಸಿ. ನಮ್ಮಂತೆ ಪೈಪರಿನ್‌ಗೆಂದು ಡಿಟೆಕ್ಟರನ್ನು 343 ನ್ಯಾನೋಮೀಟರಿನಲ್ಲೇ ಬಿಟ್ಟರೆ ಯುರಾಸಿಲ್ ಕಾಣಿಸುವುದೇ ಇಲ್ಲ, 254ಕ್ಕೆ ತನ್ನಿ. ಬಂದ ಉತ್ತರದಲ್ಲಿ ಇಂಜೆಕ್ಟರಿನಿಂದ ಡಿಟೆಕ್ಟರಿನವರೆಗಿನ ಟ್ಯೂಬಿನ ಗಾತ್ರವೂ ಸೇರಿರುತ್ತದೆ. ಕಾಲಂ ಬಿಚ್ಚಿ, ಟ್ಯೂಬಿನ ಎರಡು ತುದಿಗಳನ್ನು ಯೂನಿಯನ್ ಎಂಬ ಸಣ್ಣ ಕೊಂಡಿಯಿಂದ ಜೋಡಿಸಿ, ಮತ್ತೊಮ್ಮೆ ಇಂಜೆಕ್ಟ್ ಮಾಡಿ, ಆ ಗಾತ್ರವನ್ನು ಕಳೆಯಿರಿ. ನಿಮ್ಮ ಕಾಲಂನಲ್ಲಿ ಇದು ಸಣ್ಣ ತಿದ್ದುಪಡಿ. 50 ಮಿ.ಮೀ. ಉದ್ದ, 2.1 ಮಿ.ಮೀ. ಒಳವ್ಯಾಸದ ಕಾಲಂನಲ್ಲಿ ಹಿಡಿಯುವ ದ್ರವವೇ ಸುಮಾರು 0.11 ಮಿ.ಲೀ. ಆದ್ದರಿಂದ, ಟ್ಯೂಬಿನ ಪಾಲನ್ನು ಕಳೆಯದೆ ಬಿಟ್ಟ ಅಂಕಿ ಅಲ್ಲಿ ಉಪಯೋಗಕ್ಕೆ ಬಾರದು.