ಎಷ್ಟು ಓಮ್, ಎಷ್ಟು ವೋಲ್ಟ್? ಕಾಯುವ ತಂತಿಯ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಯಿಲ್ ಬಗ್ಗೆಯೇ. ಒಬ್ಬರಿಗೆ ಹೀಟರ್ ಕಾಯುವುದಿಲ್ಲ, ಇನ್ನೊಬ್ಬರಿಗೆ ಕಾದು ಸುಟ್ಟೇ ಹೋಗುತ್ತದೆ. ಲೆಕ್ಕ ಮಾತ್ರ ಎಲ್ಲದಕ್ಕೂ ಒಂದೇ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಬಂದದ್ದನ್ನು ಕಾಯಿಲಿನ ರೋಧದ (ಕರೆಂಟಿಗೆ ಅದು ಒಡ್ಡುವ ತಡೆಯ) ಅಳತೆಯಾದ ಓಮ್‌ನಿಂದ ಭಾಗಿಸಿದರೆ ವಾಟ್ ಸಿಗುತ್ತದೆ. ಉತ್ತರಗಳನ್ನು ಓದುವಾಗ ಇದೊಂದು ನೆನಪಿನಲ್ಲಿರಲಿ.

ಪ್ರಶ್ನೆ: ಕಕ್ಕಡದ ಮಳೆಯಲ್ಲಿ ಮನೆಯೊಳಗೆ ಬಟ್ಟೆ ಒಣಗಿಸಲು 1000 ವಾಟಿನ ಕಾಯಿಲ್ ಹೀಟರ್ ಇಟ್ಟುಕೊಂಡಿದ್ದೇವೆ. ಸಂಜೆಯಾದರೆ ಕಾಯಿಲ್ ಕೆಂಪಾಗುವುದೇ ಇಲ್ಲ. ಅಳೆದರೆ 180 ವೋಲ್ಟ್ ತೋರಿಸುತ್ತದೆ. ಕಾಯಿಲನ್ನು ಸ್ವಲ್ಪ ಕತ್ತರಿಸಿದರೆ ಬಿಸಿ ಹೆಚ್ಚುತ್ತದಂತೆ, ಮಾಡಬಹುದೇ? – ನಾಪೋಕ್ಲು

ಉತ್ತರ: ಹೆಚ್ಚುವುದೇನೋ ನಿಜ. ಆದರೂ ಕತ್ತರಿಸಬೇಡಿ.

230 ವೋಲ್ಟಿಗೆ 1000 ವಾಟ್ ಕೊಡುವ ಕಾಯಿಲಿನ ರೋಧ ಸುಮಾರು 53 ಓಮ್. ಅದಕ್ಕೆ 180 ವೋಲ್ಟ್ ಮಾತ್ರ ಸಿಕ್ಕರೆ ಹೊರಬರುವುದು 612 ವಾಟ್. ವೋಲ್ಟೇಜ್ ಇಳಿದದ್ದು ಐದರಲ್ಲಿ ಒಂದು ಪಾಲು, ಬಿಸಿ ಇಳಿದದ್ದು ಐದರಲ್ಲಿ ಎರಡು ಪಾಲು. 180 ವೋಲ್ಟಿನಲ್ಲೇ 1000 ವಾಟ್ ಬೇಕೆಂದರೆ ರೋಧ 32 ಓಮ್‌ಗೆ ಇಳಿಯಬೇಕು, ಅಂದರೆ ಹತ್ತಿರಹತ್ತಿರ ನೂರಕ್ಕೆ ನಲವತ್ತು ಭಾಗ ತಂತಿ ಹೋಗಬೇಕು. ರಾತ್ರಿ ಊರೆಲ್ಲ ಮಲಗಿದ ಮೇಲೆ ಲೈನಿನಲ್ಲಿ 240 ವೋಲ್ಟ್ ಬರುತ್ತದಲ್ಲ, ಆಗ ಅದೇ ತುಂಡು ಕಾಯಿಲ್ ಸುಮಾರು 1780 ವಾಟ್ ಎಳೆಯುತ್ತದೆ. ಕರೆಂಟು 7.4 ಆಂಪಿಯರ್. ಚಿಕ್ಕ ಪಿನ್ನಿನ ಪ್ಲಗ್ ತಾಳುವುದು 6 ಆಂಪಿಯರ್ ಮಾತ್ರ. ಮೊದಲು ಪಿನ್ನು ಕಪ್ಪಾಗುತ್ತದೆ, ಆಮೇಲೆ ಸಾಕೆಟ್ ಕರಗುತ್ತದೆ. ತಂತಿ ಗಿಡ್ಡವಾಗಿರುವುದರಿಂದ ಪ್ರತಿ ಇಂಚಿನ ಮೇಲೆ ಬೀಳುವ ಶಾಖದ ಭಾರವೂ ಮೊದಲಿನ ಮೂರು ಪಟ್ಟು. ಅಂಥ ಕಾಯಿಲ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಕಾಯಿಲಿನ ಓಮ್ ಆರಿಸಬೇಕಾದದ್ದು ನಿಮ್ಮ ಮನೆಗೆ ಬರುವ ಅತಿ ಹೆಚ್ಚು ವೋಲ್ಟೇಜ್ ನೋಡಿ, ಕಡಿಮೆ ವೋಲ್ಟೇಜ್ ನೋಡಿ ಅಲ್ಲ. ನಮ್ಮ ಸಲಹೆ: 1000 ವಾಟಿನ ಎರಡು ಕಾಯಿಲ್, ಎರಡಕ್ಕೂ ಬೇರೆಬೇರೆ ಸ್ವಿಚ್. 180 ವೋಲ್ಟ್ ಇದ್ದಾಗ ಎರಡನ್ನೂ ಹಾಕಿದರೆ 1225 ವಾಟ್. 240 ಬಂದಾಗ ಒಂದೇ ಹಾಕಿದರೆ 1090 ವಾಟ್. ಮರೆತು ಎರಡೂ ಉಳಿದರೆ 240 ವೋಲ್ಟಿನಲ್ಲಿ 9 ಆಂಪಿಯರ್ ದಾಟುತ್ತದೆ. ಹಾಗಾಗಿ 16 ಆಂಪಿಯರಿನ ಪವರ್ ಪ್ಲಗ್, 2.5 ಚದರ ಮಿಲಿಮೀಟರಿನ ತಾಮ್ರದ ವೈರು ಕಡ್ಡಾಯ. ಸ್ಟೆಬಿಲೈಜರ್ ಹಾಕುವ ಯೋಚನೆ ಬೇಡ. ಅದು ಕಡಿಮೆ ವೋಲ್ಟೇಜನ್ನು ಸರಿದೂಗಿಸಲು ಲೈನಿನಿಂದ ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ. ಲೈನಿನ ಕೊನೆಯ ಮನೆಗಳಲ್ಲಿ ಹೀಗೆ ನಾಲ್ಕು ಜನ ಮಾಡಿದರೆ 180 ಇದ್ದದ್ದು 165 ಆಗುತ್ತದೆ.

ಇದಕ್ಕೆಲ್ಲ ಮೊದಲು ಒಂದು ಪರೀಕ್ಷೆ ಮಾಡಿ. ಹೀಟರ್ ಉರಿಯುತ್ತಿರುವಾಗ ಹೀಟರಿನ ಪ್ಲಗ್ಗಿನಲ್ಲೂ ಮನೆಯ ಮೀಟರ್ ಬೋರ್ಡಿನಲ್ಲೂ ಎಲೆಕ್ಟ್ರಿಷಿಯನ್ ಕೈಲಿ ವೋಲ್ಟೇಜ್ ಅಳೆಸಿ. ಬೋರ್ಡಿನಲ್ಲಿ 215 ಇದ್ದು ಪ್ಲಗ್ಗಿನಲ್ಲಿ 180 ಇದ್ದರೆ ತಪ್ಪು ಲೈನಿನದಲ್ಲ, ನಿಮ್ಮ ಮನೆಯೊಳಗಿನದು. 1.5 ಚದರ ಮಿಲಿಮೀಟರಿನ ತಾಮ್ರದ ವೈರು 60 ಮೀಟರ್ ಎಳೆದಿದ್ದರೂ ಈ ಹೀಟರಿಗೆ ಬೀಳುವ ನಷ್ಟ ಆರೇಳು ವೋಲ್ಟ್ ಅಷ್ಟೇ. 35 ವೋಲ್ಟ್ ನುಂಗುತ್ತಿದ್ದರೆ ಎಲ್ಲೋ ಒಂದು ಸಡಿಲ ಜಾಯಿಂಟ್ ಒಳಗೊಳಗೇ ಕಾಯುತ್ತಿದೆ. ಅಟ್ಟದ ಮೇಲಿನ ಜಂಕ್ಷನ್ ಬಾಕ್ಸನ್ನೇ ಮೊದಲು ತೆರೆಸಿ ನೋಡಿ.

ಮತ್ತೊಂದು ಮಾತು. ಬೋಳು ಕಾಯಿಲಿನ ಮೇಲೆ ಬುಟ್ಟಿ ಕವುಚಿ ಬಟ್ಟೆ ಹರಡುವುದು ಕೆಂಡಕ್ಕೆ ನಡೆಯುತ್ತಿತ್ತು, ಕರೆಂಟಿಗೆ ನಡೆಯುವುದಿಲ್ಲ. ಒದ್ದೆ ಬಟ್ಟೆಯಿಂದ ಹನಿ ಬಿದ್ದರೆ ಕೈಗೆ ಶಾಕ್, ಬಟ್ಟೆಯೇ ಬಿದ್ದರೆ ಬೆಂಕಿ. ಕನಿಷ್ಠ ಮೂರು ಅಡಿ ದೂರವಿರಲಿ.

ಪ್ರಶ್ನೆ: 1000 ವಾಟಿನದ್ದೇ ಕಾಯಿಲ್ ಅಂಗಡಿಯಲ್ಲಿ ಎರಡು ಬೆಲೆಗೆ ಸಿಗುತ್ತದೆ. ಓಮ್ ಎರಡರದ್ದೂ ಒಂದೇ. ವ್ಯತ್ಯಾಸ ಏನು? ಅಗ್ಗದ್ದು ಯಾವಾಗಲೂ ಸ್ಕ್ರೂ ಹತ್ತಿರವೇ ತುಂಡಾಗುವುದೇಕೆ? – ಸೋಮವಾರಪೇಟೆ

ಉತ್ತರ: ವ್ಯತ್ಯಾಸ ಇರುವುದು ತಂತಿಯ ದಪ್ಪದಲ್ಲಿ. ಗೇಜ್ ಅಂಕಿ ಹೆಚ್ಚಿದಷ್ಟೂ ತಂತಿ ತೆಳು. ಒಳ್ಳೆಯ ನಿಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹದ) ತಂತಿ 26ನೇ ಗೇಜಿನದ್ದಾದರೆ ಮೀಟರಿಗೆ ಸುಮಾರು 6.6 ಓಮ್, 53 ಓಮ್ ಆಗಲು 8 ಮೀಟರ್ ಸಾಕು. 24ನೇ ಗೇಜಿನದ್ದು ಮೀಟರಿಗೆ 4.4 ಓಮ್, ಅದಕ್ಕೆ 12 ಮೀಟರ್ ಬೇಕು. ದಪ್ಪವೂ ಹೆಚ್ಚು, ಉದ್ದವೂ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು. ಅದೇ 1000 ವಾಟ್ ತೆಳು ತಂತಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 9 ವಾಟ್ ಬಿದ್ದರೆ ದಪ್ಪದ್ದರಲ್ಲಿ 5ಕ್ಕಿಂತ ಕಡಿಮೆ. ತೆಳುವಾದದ್ದು ಬೆಳ್ಳಗೆ ಹೊಳೆಯುತ್ತದೆ, ಬೇಗ ಸಾಯುತ್ತದೆ. ನಮ್ಮನ್ನು ಕೇಳಿದರೆ ದಪ್ಪದ್ದೇ ತಗೊಳ್ಳಿ.

ಸ್ಕ್ರೂ ಹತ್ತಿರ ತುಂಡಾಗುವುದು ಹಾಕುವ ಕೆಲಸದ ದೋಷ. ತುದಿಯ ಎರಡು ಇಂಚು ತಂತಿಯನ್ನು ಸುರುಳಿ ಬಿಡಿಸಿ ನೇರ ಮಾಡಿ, ಮಡಚಿ ಜೋಡಿ ಎಳೆಯಾಗಿ ಹೊಸೆದು ಆಮೇಲೆ ಸ್ಕ್ರೂಗೆ ಸುತ್ತಬೇಕು. ಜೋಡಿ ಎಳೆಯಲ್ಲಿ ರೋಧ ಅರ್ಧವಾಗುವುದರಿಂದ ಆ ಜಾಗ ತಣ್ಣಗಿರುತ್ತದೆ, ಸ್ಕ್ರೂ ಸಡಿಲವಾಗುವುದಿಲ್ಲ. ತಂತಿಯ ಎರಡೂ ಕಡೆ ಹಿತ್ತಾಳೆ ವಾಷರ್ ಇರಲಿ. ಕಾಯಿಲನ್ನು ಎಳೆಯುವಾಗ ಎರಡು ತುದಿ ಹಿಡಿದು ಒಂದೇ ಸಮ ಎಳೆಯಿರಿ. ಒಂದು ಕಡೆ ಸುತ್ತುಗಳು ಒತ್ತೊತ್ತಾಗಿ ಉಳಿದರೆ ಅಲ್ಲಿ ಒಂದರ ಬಿಸಿ ಇನ್ನೊಂದಕ್ಕೆ ತಾಗಿ ಆ ಜಾಗವೇ ಮೊದಲು ಹೋಗುತ್ತದೆ. ತುಂಡಾದದ್ದನ್ನು ತಿರುಚಿ ಸೇರಿಸುವುದು ಎರಡು ದಿನದ ಮಾತು. ಮಾಮೂಲಿ ಸೀಸದ ಬೆಸುಗೆಯಂತೂ ನಿಲ್ಲುವುದೇ ಇಲ್ಲ.

ಪ್ರಶ್ನೆ: ಹೀಟರಿನ ಬಿಸಿ ಹೆಚ್ಚುಕಮ್ಮಿ ಮಾಡಲು ಫ್ಯಾನ್ ರೆಗ್ಯುಲೇಟರ್ ಹಾಕಬಹುದೇ? – ಶನಿವಾರಸಂತೆ

ಉತ್ತರ: ಬೇಡ. ಅದು ತಾಳುವುದು ನೂರು ವಾಟಿನ ಆಸುಪಾಸು. 2000 ವಾಟಿನ ರೆಗ್ಯುಲೇಟರ್ ಬೇರೆಯೇ ಸಿಗುತ್ತದೆ. ಅದರ ಅಲ್ಯೂಮಿನಿಯಂ ರೆಕ್ಕೆಗೆ ಗಾಳಿಯಾಡಬೇಕು. ರೆಗ್ಯುಲೇಟರ್ ಹಾಕಿದ ಮೇಲೆ ಅಗ್ಗದ ಮಲ್ಟಿಮೀಟರ್ ತೋರಿಸುವ ವೋಲ್ಟೇಜನ್ನು ನಂಬಬೇಡಿ, ಕತ್ತರಿಸಿದ ಅಲೆಯನ್ನು ಅಳೆಯಲು ಅದಕ್ಕೆ ಬರುವುದಿಲ್ಲ. ಎರಡೇ ಮಟ್ಟ ಸಾಕೆಂದರೆ ಸರಿಸಮ ಓಮ್‌ನ ಎರಡು ಕಾಯಿಲ್ ಸರಣಿಯಲ್ಲಿ (ಒಂದರ ತುದಿಗೆ ಇನ್ನೊಂದು) ಹಾಕಿ: 1000 ವಾಟಿನವೆರಡೂ ಸೇರಿ 500 ವಾಟ್ ಆಗುತ್ತವೆ, ಒಂದೇ ಹಾಕಿದರೆ 1000.

ಪ್ರಶ್ನೆ: ಕಾಫಿಪುಡಿ ಪ್ಯಾಕೆಟ್ ಅಂಟಿಸಲು 8 ಇಂಚಿನ ಹ್ಯಾಂಡ್ ಸೀಲರ್ ಇದೆ. 2 ಮಿಲಿಮೀಟರ್ ಪಟ್ಟಿ ತುಂಡಾಯಿತು. ಅಗಲ ಅಂಟು ಬರಲೆಂದು 5 ಮಿಲಿಮೀಟರಿನದ್ದು ಹಾಕಿದೆವು. ಈಗ ಸೀಲರ್ ಗುಂಯ್ ಎನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ. – ಗೋಣಿಕೊಪ್ಪ

ಉತ್ತರ: ಸುಡುತ್ತಿರುವುದು ಪಟ್ಟಿಯಲ್ಲ, ಒಳಗಿನ ಟ್ರಾನ್ಸ್‌ಫಾರ್ಮರ್. ಕೂಡಲೇ ನಿಲ್ಲಿಸಿ.

ಸೀಲರಿನಲ್ಲಿ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಮೊದಲೇ ನಿಗದಿ ಮಾಡಿಬಿಟ್ಟಿರುತ್ತದೆ. ತಿರುಗಿಸುವ ಗುಂಡಿ ಬದಲಿಸುವುದು ಸಮಯವನ್ನು ಮಾತ್ರ. 2 ಮಿಲಿಮೀಟರ್ ಅಗಲ, 0.1 ಮಿಲಿಮೀಟರ್ ದಪ್ಪದ ನಿಕ್ರೋಮ್ ಪಟ್ಟಿ 20 ಸೆಂಟಿಮೀಟರಿಗೆ ಸುಮಾರು 1.1 ಓಮ್. ಅಷ್ಟೇ ದಪ್ಪದ 5 ಮಿಲಿಮೀಟರಿನದ್ದು 0.44 ಓಮ್. ವೋಲ್ಟೇಜ್ ಅದೇ ಇರುವಾಗ ಕರೆಂಟು ಎರಡೂವರೆ ಪಟ್ಟು ಏರುತ್ತದೆ. ಪಟ್ಟಿ ಅಗಲವಾಗಿರುವುದರಿಂದ ಅದರ ಬಿಸಿ ಮೊದಲಿನಷ್ಟೇ. ಅಂಟು ಚೆನ್ನಾಗಿಯೇ ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಹೊರೆಯೆಲ್ಲ ಟ್ರಾನ್ಸ್‌ಫಾರ್ಮರಿನ ತಲೆಗೆ. ಅಗಲ ಅಂಟೇ ಬೇಕಾದರೆ 5 ಮಿಲಿಮೀಟರಿಗೆಂದೇ ಮಾಡಿದ ಸೀಲರ್ ಕೊಳ್ಳಿ, ಇಲ್ಲವೇ 2 ಮಿಲಿಮೀಟರಿನದ್ದೇ ಹಾಕಿ ಪಕ್ಕದಲ್ಲಿ ಎರಡನೇ ಅಂಟು ಹಾಕಿ. ಕಾಫಿಪುಡಿಗೆ ಎರಡು ಗೆರೆ ಧಾರಾಳ ಸಾಕು.

ಹೊಸ ಪಟ್ಟಿ ಹಾಕುವಾಗ ತುದಿಯ ಸ್ಪ್ರಿಂಗನ್ನು ಬಿಡಬೇಡಿ. ಕಾದ ಪಟ್ಟಿ ಅರ್ಧ ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಸ್ಪ್ರಿಂಗ್ ಎಳೆದು ಹಿಡಿಯದಿದ್ದರೆ ನಡುವೆ ಉಬ್ಬಿ ಮೇಲಿನ ಟೆಫ್ಲಾನ್ ಬಟ್ಟೆಯನ್ನು ಸುಡುತ್ತದೆ. ಟೆಫ್ಲಾನ್ 260 ಡಿಗ್ರಿಯವರೆಗೆ ತಾಳುತ್ತದೆ. ಅದು ಕಂದುಗಟ್ಟಿದ್ದರೆ ಗುಂಡಿಯನ್ನು ಒಂದು ಅಂಕಿ ಇಳಿಸಿ. ಅಂಟಿನ ಗೆರೆಯ ಅಂಚಿನಲ್ಲಿ ಪ್ಲಾಸ್ಟಿಕ್ ಹರಿದರೆ ಸಮಯ ಹೆಚ್ಚಾಯಿತು ಎಂದರ್ಥ. ಎಳೆದಾಗ ಎರಡು ಪದರ ಬಿಡಿಸಿಕೊಂಡು ಬಂದರೆ ಕಡಿಮೆಯಾಯಿತು ಎಂದರ್ಥ. ಅಂಟುವ ಜಾಗದಲ್ಲಿ ಪುಡಿ ಇದ್ದರೆ ಯಾವ ಅಂಕಿಯೂ ಕೆಲಸಕ್ಕೆ ಬಾರದು, ಮೊದಲು ಒಣ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಜೇನುಪೆಟ್ಟಿಗೆಯ ಚೌಕಟ್ಟಿಗೆ ಮೇಣದ ಹಾಳೆ ಕೂರಿಸಲು ಬೈಕಿನ ಬ್ಯಾಟರಿ ಬಳಸಿದೆವು. ತಂತಿ ಮೇಣವನ್ನು ಕತ್ತರಿಸಿಕೊಂಡು ಹೋಗಿ ಹಾಳೆ ಪಟ್ಟಿ ಪಟ್ಟಿಯಾಯಿತು. ಎಷ್ಟು ವೋಲ್ಟ್ ಕೊಡಬೇಕು? – ಭಾಗಮಂಡಲ

ಉತ್ತರ: ತಂತಿ ಯಾವುದು ಎಂಬುದರ ಮೇಲೆ ಹೋಗುತ್ತದೆ. ತುಡುವೆ ಜೇನಿನ ಚಿಕ್ಕ ಚೌಕಟ್ಟಿಗೆ ನಾಲ್ಕು ಸಾಲು ಹಾಯಿಸಿದರೆ ಒಟ್ಟು 80 ಸೆಂಟಿಮೀಟರ್ ತಂತಿ ಎಂದಿಟ್ಟುಕೊಳ್ಳಿ. 0.4 ಮಿಲಿಮೀಟರಿನ ತವರ ಲೇಪದ ಕಬ್ಬಿಣದ ತಂತಿಯಾದರೆ ಅಷ್ಟುದ್ದಕ್ಕೆ ಸುಮಾರು 0.8 ಓಮ್; ಅಷ್ಟೇ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಆದರೆ ನಾಲ್ಕೂವರೆ ಓಮ್. 12 ವೋಲ್ಟ್ ಕೊಟ್ಟಾಗ ಸ್ಟೀಲಿನಲ್ಲಿ 32 ವಾಟ್, ಕಬ್ಬಿಣದಲ್ಲಿ 180 ವಾಟ್! ಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಅಷ್ಟು ವಾಟ್ ಬಿದ್ದರೆ ಕೈ ತೆಗೆಯುವುದರೊಳಗೆ ಹಾಳೆ ಸೀಳಿರುತ್ತದೆ. ನಿಮ್ಮದು ಕಬ್ಬಿಣದ ತಂತಿಯೇ ಇರಬೇಕು. ಅದಕ್ಕೆ 6 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸಾಕು, 45 ವಾಟಿನ ಆಸುಪಾಸು ಸಿಗುತ್ತದೆ. ಸ್ಟೀಲ್ ತಂತಿಗೆ ಬದಲಾಯಿಸಿದರೆ ನಿಮ್ಮ 12 ವೋಲ್ಟ್ ಬ್ಯಾಟರಿಯೇ ಸರಿ.

ಚೌಕಟ್ಟಿನೊಳಗೆ ಸರಿಯಾಗಿ ಕೂರುವ ಮರದ ಹಲಗೆಯನ್ನು ಒದ್ದೆ ಮಾಡಿ ಹಾಳೆ ಇಡಿ, ಮೇಲೆ ಚೌಕಟ್ಟು ಕವುಚಿ ತಂತಿ ಹಾಳೆಗೆ ತಾಗುವಂತೆ ಒತ್ತಿ. ತಂತಿಯ ಎರಡು ತುದಿಗೆ ಕರೆಂಟು ಮುಟ್ಟಿಸಿ ಎರಡು ಮೂರು ಸೆಕೆಂಡ್ ನೋಡಿ. ತಂತಿ ಹಾಳೆಯ ಅರ್ಧ ದಪ್ಪಕ್ಕೆ ಇಳಿಯುತ್ತಿದ್ದಂತೆ ತೆಗೆದುಬಿಡಿ. ಕೈಯ ಭಾರ ಮಾತ್ರ ಇನ್ನೈದು ಸೆಕೆಂಡ್ ಹಾಗೇ ಇರಲಿ, ಮೇಣ ಗಟ್ಟಿಯಾಗಬೇಕು. ಚಳಿಯ ಬೆಳಿಗ್ಗೆ ಹಾಳೆ ಬಿರುಸಾಗಿ ಒಡೆಯುತ್ತದೆ, ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಇಟ್ಟು ಶುರು ಮಾಡಿ. 230 ವೋಲ್ಟಿಗೆ ಬಲ್ಬು ಸರಣಿ ಹಾಕಿ ಈ ಕೆಲಸ ಮಾಡುವವರಿದ್ದಾರೆ. ಬೋಳು ತಂತಿ, ಒದ್ದೆ ಹಲಗೆ, ಮನೆಯ ಕರೆಂಟು, ಮೂರೂ ಒಂದೇ ಕಡೆ ಇರಕೂಡದು.

ಪ್ರಶ್ನೆ: ಹೊರದೇಶದಿಂದ ಬಂದ ನೆಂಟರೊಬ್ಬರು ವೋಲ್ಟೇಜ್ ಬದಲಿಸುವ ವೇಪ್ (ಇ-ಸಿಗರೇಟ್) ಸಾಧನ ಬಿಟ್ಟುಹೋಗಿದ್ದಾರೆ. ಕಾಯಿಲ್ ಮೇಲೆ 1.2 ಓಮ್ ಎಂದಿದೆ, ಗುಂಡಿ 3.3ರಿಂದ 4.8 ವೋಲ್ಟ್. ಸುಟ್ಟ ರುಚಿ ಬರುತ್ತದೆ. ಎಷ್ಟಕ್ಕೆ ಇಡಬೇಕು? – ವಿರಾಜಪೇಟೆ

ಉತ್ತರ: ಯಾವ ಅಂಕಿಗೂ ಬೇಡ. 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ತಯಾರಿ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಎಲ್ಲವೂ ನಮ್ಮ ದೇಶದಲ್ಲಿ ನಿಷಿದ್ಧ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಸುಟ್ಟ ರುಚಿ ಏಕೆಂದು ಕೇಳಿದ್ದಕ್ಕೆ ಲೆಕ್ಕ ಹೇಳಬಹುದು. 1.2 ಓಮ್‌ಗೆ 3.3 ವೋಲ್ಟಿನಲ್ಲಿ 9 ವಾಟ್, 4.8ರಲ್ಲಿ 19 ವಾಟ್. ಗುಂಡಿ ಅರ್ಧ ಸುತ್ತು ತಿರುಗುವುದರಲ್ಲಿ ಬಿಸಿ ಎರಡು ಪಟ್ಟು ದಾಟಿತು. ಕಾಯಿಲಿಗೆ ದ್ರವ ಒದಗಿಸುವ ಹತ್ತಿಗೆ ಅಷ್ಟು ಬೇಗ ದ್ರವ ಏರುವುದಿಲ್ಲ, ಒಣ ಹತ್ತಿ ಕರಕಲಾಗುತ್ತದೆ, ದ್ರವ ಒಡೆದು ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹೊರಡುತ್ತವೆ. ನೀವು ಎಳೆದದ್ದು ಅದನ್ನೇ. ಒಳಗಿನ ಲಿಥಿಯಂ ಬ್ಯಾಟರಿಯನ್ನು ಒಲೆಗಾಗಲಿ ಕಸದ ಗುಂಡಿಗಾಗಲಿ ಎಸೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.

ಪ್ರಶ್ನೆ: ಹೋಂಸ್ಟೇಯ ಗೀಸರ್ ಮಳೆಗಾಲವಿಡೀ ಬಳಸಿರಲಿಲ್ಲ. ಈಗ ಹಾಕಿದೊಡನೆ, ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಬೀಳುತ್ತದೆ. ಕಾಯಿಲಿನ ಓಮ್ ಸರಿಯಿದೆ, 26 ಬರುತ್ತದೆ. – ಮಡಿಕೇರಿ

ಉತ್ತರ: 2000 ವಾಟಿಗೆ 26 ಓಮ್ ಸರಿಯೇ. ಆದರೆ ಆ ಅಂಕಿ ಹೇಳುವುದು ತಂತಿ ತುಂಡಾಗಿಲ್ಲ ಎಂದಷ್ಟೇ. ತಂತಿಗೂ ಹೊರಕೊಳವೆಗೂ ನಡುವೆ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಹೀರುತ್ತದೆ. ಮಡಿಕೇರಿಯ ಮಂಜಿನಲ್ಲಿ ಮೂರು ತಿಂಗಳು ಧಾರಾಳವಾಯಿತು. ಅದರ ಮೂಲಕ 30 ಮಿಲಿಆಂಪಿಯರ್ ಸೋರಿದರೆ ಆರ್‌ಸಿಸಿಬಿ ಬೀಳಲೇಬೇಕು. ಇದನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ. 500 ವೋಲ್ಟಿನ ಮೆಗ್ಗರ್ (ಸೋರಿಕೆ ಪರೀಕ್ಷಿಸುವ ಮೀಟರ್) ಇರುವ ಎಲೆಕ್ಟ್ರಿಷಿಯನ್ ಕರೆಸಿ ಪಿನ್ನಿಗೂ ಹೊರಕೊಳವೆಯ ಮೈಗೂ ನಡುವೆ ಅಳೆಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲಿಮೆಂಟನ್ನು (ಕಾಯಿಲಿರುವ ಆ ಕೊಳವೆಯನ್ನು) ಬಿಚ್ಚಿಸಿ, 120ರಿಂದ 150 ಡಿಗ್ರಿಯ ಓವನ್ನಿನಲ್ಲಿ ಮೂರು ನಾಲ್ಕು ಗಂಟೆ ಒಣಗಿಸಿ ಮತ್ತೆ ಅಳೆಸಿ. ರಬ್ಬರ್ ವಾಷರ್, ಥರ್ಮೋಸ್ಟಾಟ್ ಮೊದಲೇ ತೆಗೆದಿಟ್ಟಿರಬೇಕು. ಅಂಕಿ ಏರಿದ್ದರೆ ಪಿನ್ನಿನ ಬುಡಕ್ಕೆ ಶಾಖ ತಾಳುವ ಸಿಲಿಕೋನ್ ಹಚ್ಚಿ ಹಾಕಿಸಿ. ಏರದಿದ್ದರೆ ಕೊಳವೆಯೇ ತೂತಾಗಿದೆ, ಹೊಸ ಎಲಿಮೆಂಟ್ ಬೇಕು. ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಕೊಡುತ್ತೇನೆ ಎನ್ನುವವರನ್ನು ಬಚ್ಚಲೊಳಕ್ಕೆ ಬಿಡಬೇಡಿ. ಮುಂದಿನ ಮಳೆಗಾಲದಲ್ಲಿ ಅತಿಥಿಗಳಿಲ್ಲದಿದ್ದರೂ ಟ್ಯಾಂಕಿನಲ್ಲಿ ನೀರಿದೆಯೇ ನೋಡಿಕೊಂಡು ವಾರಕ್ಕೊಮ್ಮೆ ಅರ್ಧ ಗಂಟೆ ಗೀಸರ್ ಹಾಕಿ.