ವಾಷಿಂಗ್ ಮಷೀನ್ ನೀರನ್ನು ಗಿಡಕ್ಕೆ ಬಿಡಲು ಯಾವ ಫಿಲ್ಟರ್ ಒಳ್ಳೆಯದು?

ಯಾವುದೂ ಬೇಡ. ಐದು ವರ್ಷದ ಹಿಂದೆ ನಾನೂ ಇದನ್ನೇ ಹುಡುಕಿದ್ದೆ. ಫಿಲ್ಟರೂ ಕೊಂಡೆ, ಗಿಡವನ್ನೂ ಕಳೆದುಕೊಂಡೆ.

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಮನೆ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಬೋರಿನಲ್ಲಿ ನೀರು ಸಣ್ಣಗಾಗುತ್ತದೆ. ಆಗ ಬಟ್ಟೆ ಒಗೆದ ನೀರು ಗಟಾರಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಮಷೀನಿನ ಪೈಪಿಗೆ ಫಿಲ್ಟರ್ ಸಿಕ್ಕಿಸಿ, ಹಿತ್ತಲಿನ ಲಿಂಬೆ ಗಿಡದ ಬುಡಕ್ಕೆ ಬಿಟ್ಟೆ. ಅವ್ವ ಹಚ್ಚಿದ ಗಿಡ ಅದು.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ಬೇಸಿಗೆಗೆ ಎಲೆಯ ತುದಿ ಸುಟ್ಟಂತಾಯಿತು. ಬಾಯಾರಿದೆ ಅಂದುಕೊಂಡು ಇನ್ನೂ ಜಾಸ್ತಿ ಬಿಟ್ಟೆ. ಬುಡದಲ್ಲಿ ನೀರು ಇಂಗದೆ ನಿಲ್ಲತೊಡಗಿತು, ಒಣಗಿದ ಮೇಲೆ ಬಿಳಿ ಪುಡಿ ಕಾಣಿಸಿತು. ಪಕ್ಕದ ಮನೆಯ ಕಾಕಾ ಗೋಡೆ ಮೇಲಿಂದ ಬಗ್ಗಿ, "ಏನ್ ತಮ್ಮಾ, ಗಿಡಕ್ಕ ಉಪ್ಪು ಉಣಸ್ಲಿಕ್ಕತ್ತಿಯೇನು?" ಎಂದರು. ನಾನು ನಕ್ಕೆ.

ಅವರು ಹೇಳಿದ್ದೇ ನಿಜ. ಫಿಲ್ಟರ್ ಹಿಡಿಯುವುದು ನೂಲು, ಕೂದಲು ಮಾತ್ರ. ಸಾಬೂನು ಪುಡಿಯಲ್ಲಿರುವ ಸೋಡಾ ನೀರಿನಲ್ಲಿ ಕರಗಿರುತ್ತದೆ, ಜಾಳಿಗೆಯಲ್ಲಿ ಹೇಗೆ ನಿಲ್ಲುತ್ತದೆ? ಅದರಲ್ಲಿನ ಸೋಡಿಯಂ ನಮ್ಮ ಎರಿ ಮಣ್ಣಿಗೆ, ಅಂದರೆ ಜಿಗುಟಾದ ಕಪ್ಪು ಮಣ್ಣಿಗೆ, ಬಂದು ಸುಣ್ಣದ ಅಂಶವನ್ನು ಹೊರದೂಡಿ ತಾನು ಕೂರುತ್ತದೆ. ಮಣ್ಣಿನ ಹರಳು ಒಡೆದು ಕೆಸರಾಗುತ್ತದೆ, ಒಣಗಿದರೆ ಫರಸಿ ಕಲ್ಲು. ಬೇರಿಗೆ ಗಾಳಿಯಿಲ್ಲ. ಮರಳು ಮಣ್ಣಾದರೆ ಮಳೆಗೆ ಉಪ್ಪು ತೊಳೆದು ಹೋಗುತ್ತದೆ, ಎರಿ ಮಣ್ಣು ಬಿಡುವುದಿಲ್ಲ. ಮೇಲಾಗಿ ಲಿಂಬೆ ಉಪ್ಪು ತಡೆಯುವ ಜಾತಿಯೇ ಅಲ್ಲ. ಇಷ್ಟೆಲ್ಲ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಸೋಡಿಯಂ ಬಿಡಿಸಲೆಂದು ಗೊಬ್ಬರದಂಗಡಿಯಿಂದ ಜಿಪ್ಸಂ ತಂದು ಹಾಕಿದೆ. ಗಿಡ ಉಳಿಯಲಿಲ್ಲ.

ಹಾಗಾಗಿ ನಿಮಗೆ ಹೇಳುವುದು: ಫಿಲ್ಟರ್ ದುಡ್ಡಿನಲ್ಲಿ ಸಾಬೂನು ಬದಲಿಸಿ. ಪುಡಿ ಬಿಟ್ಟು, ಸೋಡಾ ಕಡಿಮೆ ಇರುವ ದ್ರವದ್ದು ತನ್ನಿ. ಬ್ಲೀಚ್ ಹಾಕಿದ ದಿನ, ಕೂಸಿನ ಲಂಗೋಟಿ ಒಗೆದ ದಿನ ನೀರು ಗಟಾರಕ್ಕೇ ಹೋಗಲಿ. ನಾನು ಮೊದಲ ನೊರೆ ನೀರನ್ನೂ ಗಟಾರಕ್ಕೇ ಕಳಿಸುತ್ತೇನೆ, ಜಾಲಿಸಿದ ನೀರು ಮಾತ್ರ ಗಿಡಕ್ಕೆ. ಡ್ರಮ್ಮಿನಲ್ಲಿ ತುಂಬಿಡಬೇಡಿ, ಮರುದಿನಕ್ಕೇ ನಾರುತ್ತದೆ. ಬುಡದಲ್ಲಿ ಕುಣಿ ತೋಡಿ, ತೊಗರಿ ಹೊಟ್ಟು ತುಂಬಿ, ಅದರ ಕೆಳಗೆ ಹರಿಯುವಂತೆ ಪೈಪ್ ಇಡಿ. ವಾರಕ್ಕೊಮ್ಮೆ ಜಾಗ ಬದಲಿಸಿ. ಕೊತ್ತಂಬರಿ, ಮೆಂತ್ಯ, ಮೂಲಂಗಿ ಮಡಿಗಂತೂ ಬೇಡವೇ ಬೇಡ, ಹಸಿಯಾಗಿ ತಿನ್ನುವವರು ನಾವೇ ಅಲ್ವಾ?

ಲಿಂಬೆಯ ಜಾಗದಲ್ಲಿ ಒಂದು ವರ್ಷ ಏನೂ ಹಚ್ಚದೆ ಮಳೆ ನೀರು ನಿಂತು ಇಂಗುವಂತೆ ಮಾಡಿದೆ. ಈಗ ಅಲ್ಲಿ ತೆಂಗು ಇದೆ, ಚೆನ್ನಾಗಿದೆ. ಉಪ್ಪಿನಕಾಯಿಗೆ ಮಾತ್ರ ಇಂಡಿ ಕಡೆಯ ಲಿಂಬೆ ದುಡ್ಡು ಕೊಟ್ಟು ತರುತ್ತೇವೆ. ಪ್ರತಿ ಸಲವೂ ಅವ್ವ ನನ್ನ ಮುಖ ನೋಡುತ್ತಾಳೆ.