ಇಂಗ್ಲಿಷಿನಲ್ಲಿ ‘ದಿ’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು? ಎಲ್ಲ ನಿಯಮಗಳ ಪಟ್ಟಿ ಕೊಡ್ತೀರಾ?

ಪಟ್ಟಿ ಬೇಡ. ನಾನೂ ಅದನ್ನೇ ಉರು ಹೊಡೆದವನು, ಬೇಕಾದ ಹೊತ್ತಿಗೆ ಅದು ಕೈಕೊಟ್ಟಿತು.

ಗ್ರಾಹಕರಿಗೆ ಬರೆದ ಮೇಲ್‌ನಲ್ಲಿ ‘ವಿ ಹ್ಯಾವ್ ಫಿಕ್ಸ್ಡ್ ದಿ ಎರರ್ಸ್’ ಅಂದಿದ್ದೆ. ಹದಿನೈದರಲ್ಲಿ ತಿದ್ದಿದ್ದು ಹನ್ನೊಂದು. ಅವರು ಎಲ್ಲ ಮುಗಿಯಿತೆಂದು ಓದಿಕೊಂಡು ಮುಂದಿನ ಕೆಲಸಕ್ಕಿಳಿದರು. ಅವರು ಓದಿದ್ದೇ ಸರಿ. ಬಹುವಚನದ ಮೊದಲು ‘ದಿ’ ಬಂದರೆ ‘ನಾವು ಮಾತಾಡುತ್ತಿರುವ ಅಷ್ಟೂ’ ಎಂದರ್ಥ. ಬರೀ ‘ಎರರ್ಸ್’ ಅಂದರೆ ಯಾವುದೋ ಒಂದಷ್ಟು. ‘ಸಮ್ ಆಫ್ ದಿ ಎರರ್ಸ್’ ಅಂದರೆ ಅವುಗಳಲ್ಲಿ ಕೆಲವು. ನಾನು ಬರೆಯಬೇಕಿದ್ದದ್ದು ‘ಇಲೆವೆನ್ ಆಫ್ ದಿ ಫಿಫ್ಟೀನ್’. ಕನ್ನಡದಲ್ಲಿ ‘ತಪ್ಪುಗಳನ್ನು ತಿದ್ದಿದ್ದೇವೆ’ ಅಂದರೆ ‘ಎಲ್ಲಾನೂ?’ ಅಂತ ಕೇಳುವುದಕ್ಕೆ ಜಾಗ ಇರುತ್ತದೆ. ಇಂಗ್ಲಿಷಿನ ‘ದಿ’ ಆ ಜಾಗ ಬಿಡುವುದಿಲ್ಲ.

‘ಮೊದಲ ಸಲ ಎ, ಎರಡನೇ ಸಲ ದಿ’ ಅಂತ ಶಾಲೆಯಲ್ಲಿ ಹೇಳಿಕೊಡುವುದು ಅರ್ಧ ಸತ್ಯ. ‘ಐ ಬಾಟ್ ಎ ಬೈಕ್. ದಿ ಬ್ರೇಕ್ಸ್ ಆರ್ ವೀಕ್.’ ಬ್ರೇಕಿನ ಮಾತು ಬಂದದ್ದು ಮೊದಲ ಸಲವೇ, ಆದರೂ ‘ದಿ’ ಬೇಕು. ಬೈಕ್ ಅಂದಮೇಲೆ ಯಾವ ಬ್ರೇಕ್ ಎಂದು ಯಾರೂ ಕೇಳುವುದಿಲ್ಲವಲ್ಲ, ಅದಕ್ಕೆ. ಓದುವವರು ‘ಯಾವುದು?’ ಎಂದು ಕೇಳುವಂತಿದ್ದರೆ ‘ದಿ’ ಹಾಕಬೇಡಿ.

ನಿಮ್ಮ ಕನ್ನಡದ ಕಿವಿಯನ್ನೂ ಬಳಸಿಕೊಳ್ಳಿ. ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’: ಎರಡನೆಯದರಲ್ಲಿ ಗೊತ್ತಿರುವ ಒಂದು ಪುಸ್ತಕ ಕಣ್ಣೆದುರಿಗಿದೆ, ಅಲ್ಲಿ ಬಹುಮಟ್ಟಿಗೆ ‘ದಿ ಬುಕ್’. ‘ಒಂದು ಪುಸ್ತಕವನ್ನು’ ಅಂದರೆ ಮತ್ತೆ ‘ಎ ಬುಕ್’. ‘ದಿ’ಯನ್ನು ‘ಆ’ ಎಂದುಕೊಳ್ಳುವುದು ಮಾತ್ರ ಬೇಡ, ‘ಆ’ ಅಂದರೆ ‘ದಟ್’. ‘ದಿ ಸನ್’ ನಮಗೆ ‘ಸೂರ್ಯ’, ‘ಆ ಸೂರ್ಯ’ ಅಲ್ಲ.

ಒಂದು ಜಾತಿಯನ್ನೇ ಒಟ್ಟಾಗಿ ಹೇಳುವಾಗ ಬಹುವಚನಕ್ಕೂ ನೀರು, ಪ್ರಕೃತಿ, ಬದುಕಿನಂಥ ಎಣಿಸಲಾಗದ ಪದಗಳಿಗೂ ‘ದಿ’ ಇಲ್ಲ. ‘ದಿ ನೇಚರ್ ಈಸ್ ಬ್ಯೂಟಿಫುಲ್’ ತಪ್ಪು, ‘ದಿ ವಾಟರ್ ಇನ್ ದಿಸ್ ವೆಲ್’ ಸರಿ.

ಬಾಯಿಪಾಠ ಮಾಡಲೇಬೇಕಾದದ್ದು ಹೆಸರುಗಳನ್ನು. ದಿ ಕಾವೇರಿ, ದಿ ಅರೇಬಿಯನ್ ಸೀ, ದಿ ವೆಸ್ಟರ್ನ್ ಘಾಟ್ಸ್. ಒಂಟಿ ಬೆಟ್ಟವಾದ ಮುಳ್ಳಯ್ಯನಗಿರಿಗೆ ಬೇಡ, ಮೈಸೂರಿಗೂ ಬೇಡ. ‘ದಿ ಕರ್ನಾಟಕ’ ತಪ್ಪು, ‘ದಿ ಕರ್ನಾಟಕ ಹೈಕೋರ್ಟ್’ ಸರಿ, ಯಾಕೆಂದರೆ ಅಲ್ಲಿ ‘ದಿ’ ಸೇರಿರುವುದು ಕೋರ್ಟಿಗೆ.

ಇನ್ನು ಮೇಲ್ ಕಳಿಸುವ ಮುಂಚೆ ‘ದಿ’ ಜೊತೆ ಬಹುವಚನ ಕಂಡಲ್ಲೆಲ್ಲ ಮನಸ್ಸಿನಲ್ಲೇ ‘ಆಲ್’ ಸೇರಿಸಿ ಓದಿ. ವಾಕ್ಯ ಸುಳ್ಳಾದರೆ ‘ದಿ’ ತೆಗೆಯಿರಿ, ಇಲ್ಲವೇ ಎಷ್ಟು ಎಂದು ಅಂಕಿ ಬರೆಯಿರಿ.